ಫೋರ್ತ್ ಭಾಷೆಯ ಮೊದಲ ಹೆಜ್ಜೆಗಳು: ಸ್ಟ್ಯಾಕ್‌ನಲ್ಲಿ ಎಡವಿ ಬಿದ್ದವರಿಗೆ ಸಮಗ್ರ ಮಾರ್ಗದರ್ಶಿ

ಫೋರ್ತ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಪುಟ್ಟ ಭಾಷೆ. ಅದರ ವ್ಯಾಕರಣವನ್ನು ಒಂದು ಅಂಗೈ ಮೇಲೆ ಬರೆದುಕೊಳ್ಳಬಹುದು. ಆದರೂ ನಾನು ಹೇಳಿಕೊಟ್ಟವರಲ್ಲಿ ಬಹುತೇಕರು ಮೊದಲ ಅರ್ಧ ಗಂಟೆಯಲ್ಲೇ ಕೈಚೆಲ್ಲಿದ್ದಾರೆ, ಅದೂ ಒಂದೇ ಜಾಗದಲ್ಲಿ. ಶಾಲೆಯಲ್ಲಿ ಕಲಿತ ‘7*8’ ಅನ್ನು ಹಾಗೇ ಹೊಡೆಯುತ್ತಾರೆ, ದೋಷ ಬರುತ್ತದೆ, ಆವರಣ ಚಿಹ್ನೆ ಹಾಕಿ ನೋಡುತ್ತಾರೆ, ಇನ್ನೊಂದು ದೋಷ ಬರುತ್ತದೆ, ಕಿಟಕಿ ಮುಚ್ಚುತ್ತಾರೆ.

ಶಾಲೆಯ ಲೆಕ್ಕದ ಕ್ರಮವನ್ನು ಪಕ್ಕಕ್ಕಿಟ್ಟು ಮಾತಾಡುವ ಕನ್ನಡದ ಕ್ರಮ ಹಿಡಿದರೆ ಈ ತೊಡಕು ಇರುವುದಿಲ್ಲ. ‘ಏಳನ್ನು ಎಂಟರಿಂದ ಗುಣಿಸು’ ಎನ್ನುತ್ತೇವೆ. ಮೊದಲು ಸಾಮಾನು, ಕೊನೆಗೆ ಕ್ರಿಯಾಪದ. ಫೋರ್ತ್ ಕೂಡ ಹಾಗೇ ಓದುತ್ತದೆ: 7 8 * ಎಂದು. ಈ ಮಾರ್ಗದರ್ಶಿ ಪೂರ್ತಿ ಈ ದಾರಿಯಲ್ಲೇ ನಡೆಯುತ್ತದೆ. ಆಜ್ಞೆಗಳ ಹೆಸರನ್ನೂ ಕನ್ನಡಕ್ಕೆ ತಂದುಕೊಂಡು, ಎಕರೆ–ಗುಂಟೆ ಕೂಡುವ ಒಂದು ಪುಟ್ಟ ಪ್ರೋಗ್ರಾಂ ಮಾಡೋಣ. ಹಂತಗಳನ್ನು ಹಾರಿಸಬೇಡಿ, ಮೂರನೆಯದನ್ನು ಬಿಟ್ಟು ಐದಕ್ಕೆ ಹೋದವರು ಮೂರಕ್ಕೇ ವಾಪಸು ಬರುತ್ತಾರೆ.

## ಹಂತ 1: ಬೇಕಾದ ಸಲಕರಣೆ

ಇಲ್ಲಿ ಬಳಸುವುದು ಜಿಫೋರ್ತ್, ಫೋರ್ತ್ ಓಡಿಸುವ ಉಚಿತ ತಂತ್ರಾಂಶ. ಉಬುಂಟು, ಡೆಬಿಯನ್‌ಗಳಲ್ಲಿ ತಂತ್ರಾಂಶ ಹಾಕುವ ಆಪ್ಟ್ ಎಂಬ ಆಜ್ಞೆಯ ಮೂಲಕ ಹಾಕಿಕೊಳ್ಳಿ. ಪ್ಯಾಕೇಜಿನ ಹೆಸರು ಆರು ಸಣ್ಣಕ್ಷರ, ಜಿ-ಎಫ್-ಓ-ಆರ್-ಟಿ-ಎಚ್. ಮ್ಯಾಕ್‌ನಲ್ಲಾದರೆ ಹೋಮ್‌ಬ್ರೂ ಎಂಬ ಅಂಥದ್ದೇ ಸಾಧನ. ವಿಂಡೋಸ್‌ನವರು ಡಬ್ಲ್ಯುಎಸ್‌ಎಲ್ ಎಂಬ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯದಲ್ಲಿ ಉಬುಂಟು ಹಾಕಿ, ಅಲ್ಲಿಂದ ಮುಂದುವರಿಯುವುದು ಸಲೀಸು.

ಟರ್ಮಿನಲ್‌ನಲ್ಲಿ ಅದೇ ಹೆಸರು ಹೊಡೆದು ಎಂಟರ್ ಒತ್ತಿ. ಪರಿಚಯದ ಸಾಲು ಬಂದು ಕರ್ಸರ್ ನಿಂತುಕೊಳ್ಳುತ್ತದೆ. ಬರೀ ಎಂಟರ್ ಒತ್ತಿದರೆ ‘ಓಕೆ’ ಎನ್ನುತ್ತದೆ. ಹೊರಗೆ ಬರಲು ಬಿ-ವೈ-ಇ ಎಂಬ ಮೂರು ಇಂಗ್ಲಿಷ್ ಅಕ್ಷರ ಹೊಡೆಯಿರಿ.

ಜೊತೆಗೆ ಒಂದು ಸಾದಾ ಪಠ್ಯ ಸಂಪಾದಕ ಬೇಕು. ವರ್ಡ್‌ನಂಥದ್ದು ಬೇಡ. ಅದು ನೇರ ಉದ್ಧರಣ ಚಿಹ್ನೆಯನ್ನು ತಾನಾಗಿಯೇ ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ. ಫೋರ್ತ್‌ಗೆ ಅದು ಗುರುತೇ ಸಿಗದ ಬೇರೆ ಅಕ್ಷರ.

## ಹಂತ 2: ಕನ್ನಡ ಅಕ್ಷರದ ಬಗ್ಗೆ ಐದು ಎಚ್ಚರಿಕೆ

ಫೋರ್ತ್‌ನಲ್ಲಿ ಪದ ಎಂದರೆ ಎರಡು ಖಾಲಿ ಜಾಗಗಳ ನಡುವೆ ಇರುವ ಏನು ಬೇಕಾದರೂ ಆಗಬಹುದು. ಹಾಗಾಗಿ ಜಿಫೋರ್ತ್‌ನಲ್ಲಿ ಕನ್ನಡ ಹೆಸರು ಇಡಲು ಯಾವ ಅಡ್ಡಿಯೂ ಇಲ್ಲ. ಅದು ಹೆಸರುಗಳನ್ನು ಹೋಲಿಸುವುದು ಮಾತ್ರ ಕಣ್ಣಿಗೆ ಕಾಣುವ ರೂಪದಿಂದಲ್ಲ, ಒಳಗಿನ ಬೈಟ್‌ಗಳಿಂದ. ಕನ್ನಡದಲ್ಲಿ ಬರೆಯುವವರು ಮಾತ್ರ ಬೀಳುವ ಹಳ್ಳಗಳು ಇಲ್ಲಿವೆ.

ಮೊದಲನೆಯದು, ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳು ಅಕ್ಷರವನ್ನು ಕಡತದಲ್ಲಿ ಸಂಕೇತವಾಗಿ ಇಡುವ ಹಳೆಯ ರೀತಿ, ಅಂದರೆ ಹಳೆಯ ಎನ್‌ಕೋಡಿಂಗ್. ತೆರೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ, ಕಡತದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕೀಲಿಮಣೆ ಯುನಿಕೋಡ್ ಸ್ಥಿತಿಯಲ್ಲಿ ಇರಲೇಬೇಕು.

ಎರಡನೆಯದು ದೀರ್ಘ ಸ್ವರಗಳು. ‘ತೋರು’ ಎಂಬುದರ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಬಿಡಿಬಿಡಿಯಾಗಿ ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಫೋರ್ತ್‌ಗೆ ಬೇರೆ ಬೇರೆ. ಹೆಸರು ಇಡುವಾಗಲೂ ಕರೆಯುವಾಗಲೂ ಒಂದೇ ಕೀಲಿಮಣೆ ಬಳಸಿ.

ಮೂರನೆಯದು, ‘ಸ್ಟ್ಯಾಕ್‌ಗೆ’ ಎಂಬಂಥ ಪದದಲ್ಲಿ ಅರ್ಧಾಕ್ಷರದ ಪಕ್ಕ ಅಡಗಿರುವ, ಕಾಣದ ಅಕ್ಷರ. ಅಂಥ ಹೆಸರೇ ಇಡಬೇಡಿ.

ನಾಲ್ಕನೆಯದು: ೧, ೨, ೩ ಹೊಡೆದರೆ ಫೋರ್ತ್ ಅದನ್ನು ಸಂಖ್ಯೆ ಎಂದು ಓದುವುದಿಲ್ಲ, ‘ಅನ್‌ಡಿಫೈನ್ಡ್ ವರ್ಡ್’ ಎನ್ನುತ್ತದೆ. 1, 2, 3 ಹೊಡೆಯಿರಿ.

ಕೊನೆಯದು, ವೆಬ್ ಪುಟದಿಂದಲೋ ವಾಟ್ಸಾಪ್‌ನಿಂದಲೋ ನಕಲು ಮಾಡಿದಾಗ ಜೊತೆಗೆ ಬರುವ ‘ಒಡೆಯದ ಖಾಲಿ ಜಾಗ’. ಅದು ಖಾಲಿಯಂತೆ ಕಾಣುವ ಅಕ್ಷರ. ಸಾಲು ನೂರಕ್ಕೆ ನೂರು ಸರಿ ಇದ್ದೂ ದೋಷ ಬಂದರೆ ಆ ಸಾಲನ್ನು ಪೂರ್ತಿ ಅಳಿಸಿ, ಕೈಯಿಂದ ಹೊಡೆಯಿರಿ. ಕಡತವನ್ನು ಯುಟಿಎಫ್-8 ಎಂಬ ಯುನಿಕೋಡ್ ರೂಪದಲ್ಲಿ, ಬಿಒಎಂ (ಕಡತದ ಆರಂಭದಲ್ಲಿ ಸೇರುವ ಕಾಣದ ಗುರುತು) ಇಲ್ಲದೆ ಉಳಿಸಿ. ಬಿಒಎಂ ಸೇರಿಕೊಂಡರೆ ಮೊದಲ ಸಾಲಿನ ಮೊದಲ ಪದವೇ ಕೆಡುತ್ತದೆ.

ಟರ್ಮಿನಲ್‌ನಲ್ಲಿ ಒತ್ತಕ್ಷರ ಚದುರಿ ಕಂಡರೆ ಗಾಬರಿ ಬೇಡ, ಅದು ತೋರಿಕೆಯ ತೊಂದರೆ ಅಷ್ಟೇ. ಕನ್ನಡ ಪದಗಳನ್ನು ಸಂಪಾದಕದಲ್ಲಿ ಬರೆದು ಟರ್ಮಿನಲ್‌ಗೆ ಅಂಟಿಸುವುದು ನನ್ನ ರೂಢಿ.

## ಹಂತ 3: ಸ್ಟ್ಯಾಕ್ ಕೈಗೆ ಹತ್ತುವವರೆಗೆ

ಬುಟ್ಟಿಯಲ್ಲಿ ಜೋಳದ ರೊಟ್ಟಿ ಪೇರಿಸುವುದನ್ನು ನೆನೆಸಿಕೊಳ್ಳಿ. ಕೊನೆಗೆ ಇಟ್ಟದ್ದು ಮೇಲೆ, ತೆಗೆಯುವಾಗ ಮೊದಲು ಕೈಗೆ ಸಿಗುವುದೂ ಅದೇ. ಸಂಖ್ಯೆ ಹೊಡೆದರೆ ಒಂದು ರೊಟ್ಟಿ ಪೇರಿಸಿದಂತೆ. ಕೂಡು, ಗುಣಿಸು ಮುಂತಾದವು ಮೇಲಿನ ಎರಡನ್ನು ಎತ್ತಿಕೊಂಡು ಒಂದನ್ನು ವಾಪಸು ಇಡುತ್ತವೆ. ಚುಕ್ಕಿ ಮೇಲಿನದನ್ನು ತೆಗೆದು ತೆರೆಗೆ ಬರೆಯುತ್ತದೆ.

```
7 8 * .
10 4 - .
2 3 + 4 * .
```

ಉತ್ತರ 56, 6, 20. ಎರಡನೆಯದನ್ನು ‘ಹತ್ತರಿಂದ ನಾಲ್ಕನ್ನು ಕಳೆ’ ಎಂದು ಬಾಯಿಬಿಟ್ಟು ಓದಿ. ಮೂರನೆಯದರಲ್ಲಿ ಆವರಣದ ಅಗತ್ಯವೇ ಬೀಳಲಿಲ್ಲ: ಎರಡಕ್ಕೆ ಮೂರು ಕೂಡು, ಬಂದದ್ದನ್ನು ನಾಲ್ಕರಿಂದ ಗುಣಿಸು, ಹೇಳು.

ಈಗ ಬೇಕೆಂದೇ ತಪ್ಪು ಮಾಡಿ. ಖಾಲಿ ಜಾಗ ಬಿಡದೆ 7*8 ಹೊಡೆಯಿರಿ. ‘ಅನ್‌ಡಿಫೈನ್ಡ್ ವರ್ಡ್’ ಬರುತ್ತದೆ. ಅದರ ಕೆಳಗೆ ಎಡ–ಬಲ ಮೂರು ಮೂರು ಬಾಣಗಳ ನಡುವೆ ತಪ್ಪಿದ ಪದ ಇರುತ್ತದೆ. ಮೊದಲು ನೋಡಬೇಕಾದದ್ದು ಆ ಬಾಣಗಳ ನಡುವೆ. ಆಮೇಲೆ ಚುಕ್ಕಿ ಒಂದನ್ನೇ ಹೊಡೆಯಿರಿ. ‘ಸ್ಟ್ಯಾಕ್ ಅಂಡರ್‌ಫ್ಲೋ’: ಖಾಲಿ ಬುಟ್ಟಿಗೆ ಕೈಹಾಕಿದ್ದೀರಿ. ದೋಷ ಬಂದಾಗಲೆಲ್ಲ ಸ್ಟ್ಯಾಕ್ ಬರಿದಾಗುತ್ತದೆ. ಅರ್ಧಕ್ಕೆ ನಿಂತ ಲೆಕ್ಕವನ್ನು ಅಲ್ಲಿಂದಲೇ ಮುಂದುವರಿಸಲು ಹೋಗಬೇಡಿ, ಮೊದಲಿಂದ ಶುರುಮಾಡಿ.

ಇನ್ನೊಂದು ತಪ್ಪು ಸದ್ದೇ ಮಾಡುವುದಿಲ್ಲ. 2.15 ಎಂದು ದಶಮಾಂಶ ಬಿಂದು ಹಾಕಿ ಹೊಡೆದರೆ ಜಿಫೋರ್ತ್ ಅದನ್ನು 215 ಎಂಬ ‘ಜೋಡಿ ಸಂಖ್ಯೆ’ಯಾಗಿ ಓದಿ ಸ್ಟ್ಯಾಕ್ ಮೇಲೆ 215, 0 ಎಂದು ಎರಡು ರೊಟ್ಟಿ ಇಡುತ್ತದೆ. ಲೆಕ್ಕ ಹಳಿ ತಪ್ಪುವುದು ಅಲ್ಲಿಂದ. ಇಲ್ಲಿ ನಾವು ಬಳಸುವುದು ಪೂರ್ಣಾಂಕ ಮಾತ್ರ; 7 2 / . ಎಂದರೆ 3, ಮೂರೂವರೆ ಅಲ್ಲ.

## ಹಂತ 4: ಆಜ್ಞೆಗಳಿಗೆ ಕನ್ನಡ ಹೆಸರು

ಹೊಸ ಕಡತ ತೆರೆಯಿರಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ, ಕೊನೆಗೆ ಚುಕ್ಕಿ ಎಫ್-ಎಸ್. ಕೆಳಗಿನ ಸಾಲುಗಳಲ್ಲಿ ಹೈಫನ್‌ನಿಂದ ಜೋಡಿಸಿ ಬರೆದಿರುವುದು ಇಂಗ್ಲಿಷ್ ಕೀಲಿಗಳ ಹೆಸರು. ಹೈಫನ್ ಬಿಟ್ಟು ಆ ಅಕ್ಷರಗಳನ್ನು ಒಟ್ಟಿಗೆ ಹೊಡೆಯಿರಿ. ‘ಡಿ-ಯು-ಪಿ’ ಎಂದರೆ ಮೂರೇ ಅಕ್ಷರದ ಒಂದು ಪದ. ಚುಕ್ಕಿ ಮತ್ತು ಓರೆಗೆರೆ ಮುಂದಿನ ಅಕ್ಷರಕ್ಕೆ ಅಂಟಿರಬೇಕು. ಕೋಲನ್ ಮತ್ತು ಸೆಮಿಕೋಲನ್‌ಗಳ ಎರಡೂ ಕಡೆ ಖಾಲಿ ಜಾಗ ಬೇಕು.

```
: ನಕಲು ಡಿ-ಯು-ಪಿ ;
: ಬಿಡು ಡಿ-ಆರ್-ಓ-ಪಿ ;
: ಅದಲುಬದಲು ಎಸ್-ಡಬ್ಲ್ಯು-ಎ-ಪಿ ;
: ಭಾಗಶೇಷ /ಎಂ-ಓ-ಡಿ ;
: ತೋರು .ಎಸ್ ;
: ಡಬ್ಬಿ ವಿ-ಎ-ಆರ್-ಐ-ಎ-ಬಿ-ಎಲ್-ಇ ;
```

ಕೋಲನ್ ಎಂದರೆ ‘ಇಲ್ಲಿಂದ ಹೊಸ ಪದದ ಅರ್ಥ ಶುರು’, ಸೆಮಿಕೋಲನ್ ಎಂದರೆ ‘ಮುಗಿಯಿತು’. ಮೇಲೆ ಮಾಡಿದ್ದು ಇದ್ದ ಪದಕ್ಕೆ ಮನೆಯ ಹೆಸರು ಇಟ್ಟದ್ದು, ಅಷ್ಟೇ. ‘ನಕಲು’ ಮೇಲಿನ ಸಂಖ್ಯೆಯ ಇನ್ನೊಂದು ಪ್ರತಿ ಇಡುತ್ತದೆ, ‘ಬಿಡು’ ಅದನ್ನು ಎಸೆಯುತ್ತದೆ, ‘ಅದಲುಬದಲು’ ಮೇಲಿನ ಎರಡನ್ನು ತಿರುವಿಹಾಕುತ್ತದೆ. ‘ಭಾಗಶೇಷ’ ಭಾಗಿಸಿ ಶೇಷವನ್ನು ಕೆಳಗೆ, ಭಾಗಲಬ್ಧವನ್ನು ಮೇಲೆ ಇಡುತ್ತದೆ.

‘ತೋರು’ ಏನನ್ನೂ ತೆಗೆಯದೆ ಸ್ಟ್ಯಾಕ್ ಪೂರ್ತಿ ತೋರಿಸುತ್ತದೆ. ಕೋನ ಚಿಹ್ನೆಯೊಳಗೆ ಇರುವುದು ಒಟ್ಟು ಎಷ್ಟಿವೆ ಎಂಬ ಎಣಿಕೆ. ಬಲತುದಿಯದು ಮೇಲಿನ ಸಂಖ್ಯೆ. ಮೊದಲ ವಾರ ಪ್ರತಿ ಸಾಲಿಗೂ ಒಮ್ಮೆ ಇದನ್ನು ಕರೆಯಿರಿ. ಇದನ್ನು ಕರೆಯಲು ಸೋಮಾರಿತನ ಮಾಡುವವರೇ ಫೋರ್ತ್ ಕಷ್ಟ ಎನ್ನುವುದು.

ಷರತ್ತು ಮತ್ತು ಸುತ್ತುಗಳಿಗೆ ಇನ್ನೂ ಆರು ಸಾಲು ಬೇಕು. ಇವು ಪದವನ್ನು ಕಟ್ಟುವ ಹೊತ್ತಿನಲ್ಲೇ ಕೆಲಸ ಮಾಡುವಂಥವು. ಸುಮ್ಮನೆ ಹೆಸರಿಟ್ಟರೆ ನಡೆಯುವುದಿಲ್ಲ. ಹೆಸರಿನ ನಂತರ ‘ಪೋಸ್ಟ್‌ಪೋನ್’, ಸೆಮಿಕೋಲನ್ ನಂತರ ‘ಇಮ್ಮಿಡಿಯೇಟ್’ ಎಂಬ ಪದಗಳನ್ನು ಸೇರಿಸಬೇಕು. ಮೊದಲ ಸಾಲನ್ನು ಪೂರ್ತಿ ಬರೆದಿದ್ದೇನೆ:

```
: ಆದರೆ ಪಿ-ಓ-ಎಸ್-ಟಿ-ಪಿ-ಓ-ಎನ್-ಇ ಐ-ಎಫ್ ; ಐ-ಎಂ-ಎಂ-ಇ-ಡಿ-ಐ-ಎ-ಟಿ-ಇ
```

ಉಳಿದ ಐದನ್ನು ಇದೇ ಅಚ್ಚಿನಲ್ಲಿ ಹೊಯ್ಯಿರಿ. ‘ಇಲ್ಲದಿದ್ದರೆ’ಗೆ ಇ-ಎಲ್-ಎಸ್-ಇ, ‘ಮುಗಿ’ಗೆ ಟಿ-ಎಚ್-ಇ-ಎನ್, ‘ಸುತ್ತು’ವಿಗೆ ಡಿ-ಓ, ‘ಮರಳು’ವಿಗೆ ಎಲ್-ಓ-ಓ-ಪಿ, ‘ಎಣಿಕೆ’ಗೆ ಐ ಎಂಬ ಒಂದೇ ಅಕ್ಷರ. ‘ಎಣಿಕೆ’ಯನ್ನು ಪೋಸ್ಟ್‌ಪೋನ್ ಇಲ್ಲದೆ ಬರೆದವರಿಗೆ ದೋಷ ಕಾಣುವುದಿಲ್ಲ, ಸುತ್ತಿನ ಒಳಗೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಆ ಪದ ಓಡುವಾಗ ವಾಪಸು ಹೋಗುವ ವಿಳಾಸ ಎಣಿಕೆಯ ಮೇಲೆ ಕೂತಿರುತ್ತದೆ. ಐ ಓದುವುದು ಅದನ್ನೇ.

ಕಡತ ಉಳಿಸಿ, ಟರ್ಮಿನಲ್‌ನಲ್ಲಿ ಜಿಫೋರ್ತ್ ಹೆಸರಿನ ಮುಂದೆ ಕಡತದ ಹೆಸರು ಕೊಟ್ಟು ತೆರೆಯಿರಿ. ತಪ್ಪಿದ್ದರೆ ಎಷ್ಟನೆಯ ಸಾಲು ಎಂದು ಹೇಳಿ ಅಲ್ಲೇ ನಿಲ್ಲುತ್ತದೆ, ಅದರ ಕೆಳಗಿನ ಸಾಲುಗಳನ್ನು ಓದಿರುವುದಿಲ್ಲ. ಹತ್ತು ‘ಅನ್‌ಡಿಫೈನ್ಡ್’ ಕಂಡರೆ ಹತ್ತು ತಪ್ಪು ಎಂದುಕೊಳ್ಳಬೇಡಿ. ಮೊದಲನೆಯದನ್ನು ತಿದ್ದಿ, ಮತ್ತೆ ತೆರೆಯಿರಿ.

## ಹಂತ 5: ಎಕರೆ–ಗುಂಟೆ ಕೂಡುವುದು

ಪಹಣಿಯಲ್ಲಿ ಒಂದು ತುಂಡು 2 ಎಕರೆ 15 ಗುಂಟೆ, ಇನ್ನೊಂದು 1 ಎಕರೆ 30 ಗುಂಟೆ. ಇದನ್ನು ಕ್ಯಾಲ್ಕುಲೇಟರ್‌ನಲ್ಲಿ 2.15, 1.30 ಎಂದು ಹೊಡೆದು 3.45 ಎಂದವರನ್ನು ನೋಡಿದ್ದೇನೆ. 40 ಗುಂಟೆಗೆ ಒಂದು ಎಕರೆ. ಮೂರು ಎಕರೆ ನಲವತ್ತೈದು ಗುಂಟೆ ಎಂಬ ಲೆಕ್ಕವೇ ಇಲ್ಲ. ಕಡತದ ಕೊನೆಗೆ ಇವನ್ನು ಸೇರಿಸಿ:

```
: ಗುಂಟೆಗೆ ( ಎಕರೆ ಗುಂಟೆ -- ಒಟ್ಟುಗುಂಟೆ )
  ಅದಲುಬದಲು 40 * + ;

: ಎಕರೆಗೆ ( ಒಟ್ಟುಗುಂಟೆ -- )
  40 ಭಾಗಶೇಷ . ." ಎಕರೆ " . ." ಗುಂಟೆ" ;
```

ಆವರಣದೊಳಗಿನದು ಟಿಪ್ಪಣಿ: ಎಡಕ್ಕೆ ಪದ ಎತ್ತಿಕೊಳ್ಳುವುದು, ಎರಡು ಗೆರೆಯ ಬಲಕ್ಕೆ ಅದು ಬಿಟ್ಟುಹೋಗುವುದು. ತೆರೆಯುವ ಆವರಣವೂ ಒಂದು ಪದವೇ, ಅದರ ನಂತರ ಖಾಲಿ ಜಾಗ ಬೇಕೇ ಬೇಕು. ಚುಕ್ಕಿಗೆ ಅಂಟಿದ ಉದ್ಧರಣ ಚಿಹ್ನೆ ಮುಂದಿನ ಚಿಹ್ನೆಯವರೆಗಿನ ಪಠ್ಯವನ್ನು ಹಾಗೇ ಬರೆಯುತ್ತದೆ. ಅದರ ನಂತರವೂ ಒಂದು ಖಾಲಿ ಜಾಗ.

‘ಗುಂಟೆಗೆ’ ಒಳಗೆ ಆಗುವುದನ್ನು ಕಾಗದದ ಮೇಲೆ ಬರೆದು ನೋಡಿ. 2 15 ಇತ್ತು. ಅದಲುಬದಲಾಗಿ 15 2. 40 ಬಂತು, ಗುಣಿಸಿತು: 15 80. ಕೂಡಿತು: 95. ಈಗ ಪೂರ್ತಿ ಲೆಕ್ಕ:

```
2 15 ಗುಂಟೆಗೆ 1 30 ಗುಂಟೆಗೆ + ಎಕರೆಗೆ
```

‘4 ಎಕರೆ 5 ಗುಂಟೆ’ ಎಂದು ಬರಬೇಕು. ಬರಲಿಲ್ಲವೆಂದರೆ ‘ಎಕರೆಗೆ’ ಬಿಟ್ಟು ‘ತೋರು’ ಹಾಕಿ. 165 ಒಂದೇ ಇರಬೇಕು. ಅದರ ಎಡಕ್ಕೆ ಬೇರೆ ಸಂಖ್ಯೆ ಕಂಡರೆ ಅವು ಹಿಂದಿನ ಪ್ರಯೋಗದ ಹಳಸಲು ರೊಟ್ಟಿ; ‘ಬಿಡು’ ತೆಗೆಯುವುದು ಮೇಲಿನದನ್ನೇ ಆದ್ದರಿಂದ 165 ಸೇರಿ ಬುಟ್ಟಿ ಬರಿದಾಗುವವರೆಗೆ ಅದನ್ನು ಹೇಳಿ, ಲೆಕ್ಕ ಮತ್ತೆ ಮಾಡಿ.

ಎಂಟರ್ ಒತ್ತಿದಾಗ ‘ಓಕೆ’ ಬದಲು ‘ಕಂಪೈಲ್ಡ್’ ಬರುತ್ತಿದ್ದರೆ ಸೆಮಿಕೋಲನ್ ಮರೆತಿದ್ದೀರಿ, ಇಲ್ಲವೇ ಹಿಂದಿನ ಪದಕ್ಕೆ ಅಂಟಿಸಿದ್ದೀರಿ. ನೀವು ಹೊಡೆಯುತ್ತಿರುವುದು ಇನ್ನೂ ಆ ಪದದ ಒಳಗೇ ಸೇರುತ್ತಿದೆ.

## ಹಂತ 6: ‘ಆದರೆ’ ಎಲ್ಲಿ ಬರಬೇಕು

ಬೇರೆ ಭಾಷೆಗಳಲ್ಲಿ ಪ್ರೋಗ್ರಾಂ ಬರೆದು ರೂಢಿಯಾದವರು ಇಲ್ಲಿ ತಡವರಿಸುತ್ತಾರೆ. ಆ ಭಾಷೆಗಳಲ್ಲಿ ಷರತ್ತಿನ ಪದ ಮುಂದೆ, ಷರತ್ತು ಹಿಂದೆ. ಕನ್ನಡದಲ್ಲಿ ‘ಮೂವತ್ತೊಂಬತ್ತಕ್ಕಿಂತ ಹೆಚ್ಚು ಆದರೆ’. ಫೋರ್ತ್‌ನಲ್ಲೂ ಅದೇ:

```
: ಪರೀಕ್ಷಿಸು ( ಗುಂಟೆ -- )
  39 > ಆದರೆ ." ಪಹಣಿ ಮತ್ತೊಮ್ಮೆ ನೋಡಿ"
  ಇಲ್ಲದಿದ್ದರೆ ." ಸರಿ" ಮುಗಿ ;
```

45 ಪರೀಕ್ಷಿಸು ಎಂದರೆ ಎಚ್ಚರಿಕೆ, 15 ಪರೀಕ್ಷಿಸು ಎಂದರೆ ‘ಸರಿ’. ಇಲ್ಲಿ ಎಡವುವ ಕಲ್ಲು ಎರಡು. ಹೋಲಿಕೆಯ ಚಿಹ್ನೆ ಸಂಖ್ಯೆಯನ್ನು ನುಂಗುತ್ತದೆ. ಪರೀಕ್ಷೆಯ ನಂತರವೂ ಆ ಸಂಖ್ಯೆ ಬೇಕೆಂದರೆ ಮೊದಲೇ ‘ನಕಲು’ ಮಾಡಿ. ಇನ್ನೊಂದು, ಇವನ್ನು ಕೋಲನ್–ಸೆಮಿಕೋಲನ್ ನಡುವೆ ಮಾತ್ರ ಬಳಸಬೇಕು. ನೇರವಾಗಿ ಟರ್ಮಿನಲ್‌ನಲ್ಲಿ ಹೊಡೆದರೆ ದೋಷವನ್ನೂ ಹೇಳದೆ, ಷರತ್ತನ್ನೂ ಲೆಕ್ಕಿಸದೆ ಒಳಗಿನದನ್ನು ಓಡಿಸಿಬಿಡಬಹುದು. ‘ತೋರು’ವಿನಲ್ಲಿ ಇದ್ದಕ್ಕಿದ್ದಂತೆ ಭಾರಿ ಸಂಖ್ಯೆಗಳು ಕಂಡರೆ ಕಾರಣ ಇದಿರಬಹುದು.

## ಹಂತ 7: ಮಗ್ಗಿ

```
: ಮಗ್ಗಿ ( ಸಂಖ್ಯೆ -- )
  11 1 ಸುತ್ತು ನಕಲು ಎಣಿಕೆ * . ಮರಳು ಬಿಡು ;
```

7 ಮಗ್ಗಿ ಎಂದರೆ 7ರಿಂದ 70ರವರೆಗೆ ಒಂದೇ ಸಾಲಿನಲ್ಲಿ. ಮೊದಲು ಎಲ್ಲೆ, ಆಮೇಲೆ ಆರಂಭ. ಎಲ್ಲೆ ಮುಟ್ಟಿದೊಡನೆ ನಿಲ್ಲುವುದರಿಂದ ಹತ್ತರವರೆಗೆ ಬೇಕಾದರೆ 11 ಕೊಡಬೇಕು. ಎಲ್ಲೆಯೂ ಆರಂಭವೂ ಒಂದೇ ಆಗಿಬಿಟ್ಟರೆ ‘ಒಮ್ಮೆಯೂ ಓಡದು’ ಎಂದು ನೀವು ಊಹಿಸುತ್ತೀರಿ. ಅದು ಮುಗಿಯದಂತೆ ಓಡುತ್ತಲೇ ಇರುತ್ತದೆ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಕೊನೆಯ ‘ಬಿಡು’ ಮರೆತವರಿಗೆ ಮಗ್ಗಿ ಸರಿಯಾಗಿಯೇ ಬರುತ್ತದೆ, 7 ಮಾತ್ರ ಬುಟ್ಟಿಯಲ್ಲಿ ಉಳಿದು ಮುಂದಿನ ಲೆಕ್ಕವನ್ನು ಕೆಡಿಸುತ್ತದೆ.

## ಹಂತ 8: ಡಬ್ಬಿ, ಮತ್ತು ಹಳೆಯ ಅರ್ಥದ ಕಾಟ

```
: ದರ 50 ;
: ಬೆಲೆ ದರ * ;
: ದರ 60 ;
3 ಬೆಲೆ .
```

ಉತ್ತರ 180 ಅಲ್ಲ, 150. ‘ಬೆಲೆ’ ಕಟ್ಟುವಾಗ ಇದ್ದ ‘ದರ’ವೇ ಅದರೊಳಗೆ ಉಳಿಯಿತು, ಹೊಸ ಅರ್ಥ ಮುಂದೆ ಕಟ್ಟುವ ಪದಗಳಿಗೆ ಮಾತ್ರ. ‘ರೀಡಿಫೈನ್ಡ್’ ಎಂಬ ಸಂದೇಶ ಇದರ ಸೂಚನೆ. ಹಾಗಾಗಿ ಏನನ್ನಾದರೂ ತಿದ್ದಿದರೆ ಟರ್ಮಿನಲ್‌ನಲ್ಲಿ ತೇಪೆ ಹಾಕಬೇಡಿ. ಕಡತದಲ್ಲಿ ತಿದ್ದಿ, ಜಿಫೋರ್ತ್‌ನಿಂದ ಹೊರಬಂದು ಮತ್ತೆ ತೆರೆಯಿರಿ.

ಬದಲಾಗುತ್ತಲೇ ಇರುವ ಮೌಲ್ಯಕ್ಕೆ ಡಬ್ಬಿ ಇದೆ. ಹಾಗೇ ಹೊರಬಂದು ಮತ್ತೆ ತೆರೆದ ಮೇಲೆ:

```
ಡಬ್ಬಿ ದರ
50 ದರ !
: ಬೆಲೆ ದರ @ * ;
60 ದರ !
3 ಬೆಲೆ .
```

ಈಗ 180. ಉದ್ಗಾರ ಚಿಹ್ನೆ ಡಬ್ಬಿಗೆ ಹಾಕುತ್ತದೆ, ಆಟ್ ಚಿಹ್ನೆ ಒಳಗಿನದನ್ನು ಓದಿ ತರುತ್ತದೆ. ಆಟ್ ಚಿಹ್ನೆ ಮರೆತರೆ ಸಿಗುವುದು ಡಬ್ಬಿಯ ವಿಳಾಸ. ಮೂರು ಕೆಜಿ ಈರುಳ್ಳಿಗೆ ಕೋಟ್ಯಂತರ ರೂಪಾಯಿ ಬಂದರೆ ಅದೇ ಕಾರಣ. ಕ್ರಮ ತಿರುವಿ ‘ದರ 50 !’ ಎಂದರೆ ಐವತ್ತನೆಯ ವಿಳಾಸಕ್ಕೆ ಬರೆಯಲು ಹೋಗಿ ‘ಇನ್‌ವ್ಯಾಲಿಡ್ ಮೆಮೊರಿ ಅಡ್ರೆಸ್’ ಬರುತ್ತದೆ. ಐವತ್ತನ್ನು ದರದಲ್ಲಿ ಇಡು; ಇಲ್ಲೂ ಕನ್ನಡದ ಕ್ರಮವೇ.

## ಹಂತ 9: ಕೈ ಪಳಗಲು ಎರಡು ಲೆಕ್ಕ

ಒಂದು ಗುಂಟೆ ಎಂದರೆ 1089 ಚದರ ಅಡಿ. 30 ಅಡಿ, 40 ಅಡಿಯ ಸೈಟು ಎಷ್ಟು ಗುಂಟೆ? 30 40 * 1089 ಭಾಗಶೇಷ ತೋರು ಎಂದರೆ 111, 1 ಬರಬೇಕು: ಒಂದು ಗುಂಟೆಯ ಮೇಲೆ 111 ಚದರ ಅಡಿ.

ಎರಡನೆಯದು ಆಣೆ. ಪಹಣಿಯಲ್ಲಿ ಗುಂಟೆಯ ಕೆಳಗೆ ಆಣೆಯೂ ಇರುತ್ತದೆ, 16 ಆಣೆಗೆ ಒಂದು ಗುಂಟೆ. 2 ಎಕರೆ 15 ಗುಂಟೆ 8 ಆಣೆಯನ್ನು ಪೂರ್ತಿ ಆಣೆಗೆ ಇಳಿಸಬೇಕು. ಮೂರನ್ನೂ ಮೊದಲೇ ಪೇರಿಸಿಬಿಟ್ಟರೆ ತಳದ ಎಕರೆಯನ್ನು ಮೇಲೆತ್ತಲು ಆರ್-ಓ-ಟಿ ಎಂಬ ಪದ ಬೇಕಾಗುತ್ತದೆ, ಜೊತೆಗೆ ತಲೆನೋವೂ. ಆ ಪದಕ್ಕೆ ಕೈಹಾಕುವ ಮುನ್ನ ಸಂಖ್ಯೆಗಳನ್ನು ಕೊಡುವ ಕ್ರಮವನ್ನೇ ಬದಲಿಸಲು ಆಗುತ್ತದೆಯೇ ನೋಡಿ. ಆಣೆಯನ್ನು ತಡವಾಗಿ ಕೊಟ್ಟರೆ ಸಾಕು:

```
2 15 ಗುಂಟೆಗೆ 16 * 8 + .
```

1528 ಬಂದರೆ ಸರಿ.